ಐದು ಕೋರ್ಸುಗಳ ಲೆಕ್ಕ: ವೈದ್ಯಕೀಯ ಪ್ರವೇಶ ಮತ್ತು ಹೊರನಾಡಿನ ಪದವಿ



ಕೆನಡಾದ ಕೆಲವು ವೈದ್ಯಕೀಯ ಶಾಲೆಗಳ ಪ್ರವೇಶ ನಿಯಮದಲ್ಲಿ ಒಂದು ಷರತ್ತಿದೆ. ಅಭ್ಯರ್ಥಿಯು ಪದವಿಯ ವರ್ಷಗಳಲ್ಲಿ ‘ಪೂರ್ಣ ಹೊರೆ’ ಹೊತ್ತು ಓದಿರಬೇಕು. ಸಾಮಾನ್ಯವಾಗಿ ಸೆಮಿಸ್ಟರಿಗೆ ಐದು ಕೋರ್ಸು, ವರ್ಷಕ್ಕೆ ಹತ್ತು. ವೈದ್ಯ ಶಿಕ್ಷಣದ ಒತ್ತಡವನ್ನು ತಾಳಬಲ್ಲವರು ಯಾರು ಎಂದು ಮೊದಲೇ ಅರಿಯುವುದು ಇದರ ಉದ್ದೇಶ. ಆ ಉದ್ದೇಶದಲ್ಲಿ ತಪ್ಪು ಹುಡುಕಬೇಕಿಲ್ಲ. ತೊಡಕಿರುವುದು ಎಣಿಸುವ ಬಗೆಯಲ್ಲಿ.

ಕರ್ನಾಟಕದ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ ಹುಡುಗಿಯನ್ನು ಊಹಿಸಿಕೊಳ್ಳಿ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ವಿದ್ಯಾರ್ಥಿಗಳ ಬಾಯಲ್ಲಿ ಸಿಬಿಝಡ್. ಹಳೆಯ ಮೂರು ವರ್ಷದ ಪದ್ಧತಿಯಲ್ಲಿ ಮೊದಲೆರಡು ವರ್ಷ ಈ ಮೂರರ ಜೊತೆಗೆ ಎರಡು ಭಾಷೆಗಳು. ಮೂರನೆಯ ವರ್ಷ ಭಾಷೆಗಳು ಮುಗಿದು, ಉಳಿಯುವುದು ಮೂರೇ ವಿಷಯ. ಆದರೆ ಪ್ರತಿ ವಿಷಯಕ್ಕೂ ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ. ಪ್ರಯೋಗಾಲಯದಲ್ಲಿ ಕಳೆಯುವ ಮಧ್ಯಾಹ್ನಗಳು, ಬರೆದು ಸಹಿ ಹಾಕಿಸಬೇಕಾದ ರೆಕಾರ್ಡ್ ಪುಸ್ತಕಗಳು, ಹೊರಗಿನ ಪರೀಕ್ಷಕರ ಮುಂದೆ ಮೌಖಿಕ ಪರೀಕ್ಷೆ. ಇಷ್ಟೆಲ್ಲ ಸೇರಿ ಮಾರ್ಕ್ಸ್ ಕಾರ್ಡಿನಲ್ಲಿ ಕೆಲವೇ ಸಾಲುಗಳಾಗಿ ಇಳಿಯುತ್ತದೆ. ಸಾಗರದಾಚೆಯ ಕಚೇರಿಯಲ್ಲಿ ವಿಷಯಗಳ ಹೆಸರನ್ನಷ್ಟೇ ಎಣಿಸುವವರಿಗೆ ಮೂರು ಕಾಣುತ್ತದೆ; ಐದು ಕಾಣುವುದಿಲ್ಲ. ಓದಿನ ಹೊರೆ ಕಡಿಮೆಯಾಗಿರಲಿಲ್ಲ, ಕಾಗದದ ಮೇಲೆ ಹೆಸರುಗಳು ಕಡಿಮೆಯಾಗಿದ್ದವು.

ಇನ್ನೊಂದು ವಿಚಿತ್ರವನ್ನೂ ನೋಡಬೇಕು. ಕರ್ನಾಟಕವು 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ತಂದಿತು. ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯ ನಂತರ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಒಂದೇ ಕಾಲೇಜು, ಅದೇ ಅಧ್ಯಾಪಕರು, ಅದೇ ಪ್ರಯೋಗಾಲಯ. ಸೇರಿದ ವರ್ಷ ಯಾವುದು ಎಂಬುದರ ಮೇಲೆ ವಿದ್ಯಾರ್ಥಿಯ ಅಂಕಪಟ್ಟಿಯ ರೂಪವೇ ಬದಲಾಗುತ್ತದೆ. ಆಕೆಯ ಸಾಮರ್ಥ್ಯ ಬದಲಾಯಿತೆ?

ಇಂಥ ನಿರಾಕರಣೆಯನ್ನು ಪ್ರಶ್ನಿಸಲು ಕೆನಡಾದ ಕಾನೂನಿನಲ್ಲೇ ದಾರಿಯಿದೆ. ಬ್ರಿಟಿಷ್ ಕೊಲಂಬಿಯಾದ ಟೆರ್ರಿ ಗ್ರಿಸ್ಮರ್ ಗಣಿಯ ಟ್ರಕ್ ಚಾಲಕ. ಪಾರ್ಶ್ವವಾಯುವಿನಿಂದ ಅವರ ದೃಷ್ಟಿಯ ಹರವು ಕುಗ್ಗಿತು. ನಿಗದಿತ 120 ಡಿಗ್ರಿ ಇಲ್ಲವೆಂದು ಅವರ ಚಾಲನಾ ಪರವಾನಗಿ ರದ್ದಾಯಿತು. ಕನ್ನಡಿಗಳ ನೆರವಿನಿಂದ, ತಲೆ ಹೊರಳಿಸುವ ಅಭ್ಯಾಸದಿಂದ ಸುರಕ್ಷಿತವಾಗಿ ಓಡಿಸಬಲ್ಲರೇ ಎಂದು ಅವರನ್ನು ಯಾರೂ ಪರೀಕ್ಷಿಸಲಿಲ್ಲ. 1999ರ ಕೊನೆಯಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ತೀರ್ಪು ಬರುವಾಗ ಗ್ರಿಸ್ಮರ್ ಬದುಕಿರಲಿಲ್ಲ. ಅವರಿಗೆ ಪರವಾನಗಿ ಸಿಗಲೇಬೇಕಿತ್ತೆಂದು ನ್ಯಾಯಾಲಯ ಹೇಳಲಿಲ್ಲ. ವ್ಯಕ್ತಿಯಾಗಿ ಪರೀಕ್ಷೆಗೊಳಗಾಗುವ ಅವಕಾಶವಾದರೂ ಸಿಗಬೇಕಿತ್ತು ಎಂದಿತು. ಅದೇ ವರ್ಷ, ಕಾಡ್ಗಿಚ್ಚು ನಂದಿಸುವ ತಂಡದಲ್ಲಿದ್ದ ಟಾನಿ ಮೆಯೊರಿನ್ ಅವರ ಪ್ರಕರಣದಲ್ಲೂ ಮಾನದಂಡವು ಕೆಲಸಕ್ಕೆ ನಿಜವಾಗಿ ಅಗತ್ಯವೆಂದು ತೋರಿಸುವ ಹೊಣೆ ಅದನ್ನು ರೂಪಿಸಿದವರ ಮೇಲೆ ಬಿದ್ದಿತ್ತು.

ಹೊರದೇಶದಲ್ಲಿ ಓದಿದ್ದನ್ನು ‘ಮೂಲಸ್ಥಾನ’ದ ತಾರತಮ್ಯವೆಂದು ಪರಿಗಣಿಸಬಹುದೆ? ವಿದೇಶದಲ್ಲಿ ತರಬೇತಾದ ವೈದ್ಯರ ಬಿಟೊಂಟಿ ಪ್ರಕರಣದಲ್ಲಿ, 1999ರಲ್ಲೇ, ಬ್ರಿಟಿಷ್ ಕೊಲಂಬಿಯಾದ ಮಾನವ ಹಕ್ಕುಗಳ ನ್ಯಾಯಮಂಡಳಿ ಹೌದೆಂದಿತು. ಹಾಗೆಂದು ಗೆಲುವು ಖಚಿತವೆಂದು ಯಾರೂ ನಂಬಬೇಕಿಲ್ಲ. ಆಲ್ಬರ್ಟಾದಲ್ಲಿ ಎಂಜಿನಿಯರ್ ಮಿಹಾಲಿ ಅವರಿಗೆ 2014ರಲ್ಲಿ ದೊರೆತ ಜಯವನ್ನು 2016ರಲ್ಲಿ ಮೇಲಿನ ನ್ಯಾಯಾಲಯ ತಳ್ಳಿಹಾಕಿತು. ಆದರೆ ಮಿಹಾಲಿ ಅವರ ಮುಂದೆ ಪರೀಕ್ಷೆ ಬರೆದು ಅರ್ಹತೆ ತೋರಿಸುವ ಒಂದು ಮಾರ್ಗವಿತ್ತು. ಕೋರ್ಸು ಎಣಿಸಿ ಅರ್ಜಿ ಬದಿಗಿಟ್ಟಾಗ ಆ ಮಾರ್ಗವೂ ಇರುವುದಿಲ್ಲ. ಎಂಕ್ಯಾಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವಳ ಜೀವರಸಾಯನ ಜ್ಞಾನ ಅಲ್ಲೇ ದಾಖಲಾಗಿದ್ದರೂ ಕಡತ ಅಷ್ಟು ದೂರ ಹೋಗುವುದೇ ಇಲ್ಲ.

ಇಲ್ಲಿ ಒಂದು ಕಹಿ ಮಾತು. ಊರಿನಲ್ಲಿದ್ದಾಗ ಮೀಸಲಾತಿಯ ವಿರುದ್ಧ ‘ಮೆರಿಟ್’ ಎಂದು ಗುಡುಗಿದವರೇ ಇಲ್ಲಿ, ಅಂಕಪಟ್ಟಿಯೊಂದೇ ಮನುಷ್ಯರ ಅಳತೆಯಲ್ಲ ಎಂದು ಅಳಲುವುದುಂಟು. ಅಳಲು ನ್ಯಾಯವಾದದ್ದೇ. ಭಾರತದ ಸುಪ್ರೀಂ ಕೋರ್ಟು ನೀಟ್‌ನ ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಎತ್ತಿಹಿಡಿದ 2022ರ ತೀರ್ಪಿನಲ್ಲಿ ಪರೀಕ್ಷೆಯ ಅಂಕಗಳ ಬಗ್ಗೆ ಹೇಳಿದ್ದೂ ಇದನ್ನೇ. ಆಗ ಕೇಳಿಸಿಕೊಂಡವರು ಕಡಿಮೆ. ಪೂರ್ಣ ಹೊರೆಯ ನಿಯಮ ಹೊರನಾಡಿನವರನ್ನು ಮಾತ್ರ ತಡೆಯುವುದಿಲ್ಲ. ರಾತ್ರಿ ಪಾಳಿ ಮಾಡುತ್ತ ಸೆಮಿಸ್ಟರಿಗೆ ಮೂರು ಕೋರ್ಸು ಓದಿದ ಟೊರಾಂಟೊದ ಕಾರ್ಮಿಕರ ಮಗನೂ, ಎಳೆಗೂಸಿನ ತಾಯಿಯೂ ಅದೇ ಬಾಗಿಲಲ್ಲಿ ನಿಲ್ಲುತ್ತಾರೆ. ಅವರನ್ನು ಬಿಟ್ಟು ‘ಭಾರತೀಯ ಪದವಿಗೆ ಅವಮಾನ’ ಎಂದಷ್ಟೇ ಕೂಗಿದರೆ ಈ ಹೋರಾಟ ಅರ್ಧವಾಗುತ್ತದೆ.

ನಿರಾಕರಣೆಯ ಪತ್ರ ಕೈಗೆ ಬಂದವರು ಮೊದಲು ಕಾರಣವನ್ನು ಲಿಖಿತವಾಗಿ ಕೇಳಬೇಕು: ಎಷ್ಟು ಕೋರ್ಸು ಎಣಿಸಿದರು, ಪ್ರಾಕ್ಟಿಕಲ್‌ಗಳನ್ನು ಹೇಗೆ ಎಣಿಸಿದರು. ಪಠ್ಯಕ್ರಮದ ಪ್ರತಿ, ವಾರದ ಬೋಧನಾ ಗಂಟೆಗಳ ವಿವರ, ಕಾಲೇಜಿನ ಪ್ರಾಂಶುಪಾಲರ ದೃಢೀಕರಣ, ಕೋರ್ಸುವಾರು ಮೌಲ್ಯಮಾಪನ, ಇವನ್ನು ಜೊತೆಗಿಟ್ಟು ಶಾಲೆಯಲ್ಲೇ ಮರುಪರಿಶೀಲನೆ ಕೋರಬೇಕು. ಒಂಟಾರಿಯೊದ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು; ಶಾಲೆಯ ಉತ್ತರಕ್ಕೆ ಕಾಯುತ್ತ ಕುಳಿತರೆಂದು ಆ ಗಡುವು ನಿಲ್ಲುವುದಿಲ್ಲ.