ನಾಲ್ಕು ಅಂಗೈಯಷ್ಟು ರಬ್ಬರು

(ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ಆಡಿದ ಮಾತು)

ನಿಮಗೆ ಗೊತ್ತಿರುವ ಯಾವುದಾದರೂ ವಿಷಯದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ನಮ್ಮ ಮಹಿಳಾ ವಿಭಾಗದವರು ಫೋನ್ ಮಾಡಿದಾಗ, ನನಗೆ ಗೊತ್ತಿರುವುದು ಟೈರು ಒಂದೇ ಎಂದೆ. ಅವರು ನಕ್ಕರು, ಆದರೆ ಬೇಡ ಎನ್ನಲಿಲ್ಲ. ಹಾಗಾಗಿ ಇವತ್ತು ಟೈರಿನ ಸರದಿ.

ಇಲ್ಲೇ ಗೋರೆಗಾಂವ್ ಪಶ್ಚಿಮದಲ್ಲಿ ನಮ್ಮ ಯಜಮಾನರದು ಟೈರ್ ಮತ್ತು ವ್ಹೀಲ್ ಅಲೈನ್‌ಮೆಂಟ್ ಅಂಗಡಿ. ಲೆಕ್ಕ ಬರೆಯಲೆಂದು ಹೋಗಿ ಕೂತವಳು ನಾನು. ಇಪ್ಪತ್ತೆರಡು ವರ್ಷಗಳಲ್ಲಿ ಗಾಡಿಯ ಕೆಳಗೆ ಬಗ್ಗಿ ನೋಡುವುದನ್ನೂ ಕಲಿತೆ. ಒಂದು ಮಾತ್ರ ಇನ್ನೂ ಬದಲಾಗಿಲ್ಲ. ಗಾಡಿ ಬಂದು ನಿಂತಾಗ ಗಂಡಸರು ಇಳಿಯುತ್ತಾರೆ, ಹೆಂಗಸರು ಒಳಗೇ ಕೂರುತ್ತಾರೆ. ಎಷ್ಟೋ ಸಲ ಆ ಗಾಡಿಯನ್ನು ದಿನಾ ಓಡಿಸುವವರು ಒಳಗೆ ಕೂತವರೇ!

ಇತ್ತೀಚೆಗೆ ನಮ್ಮ ಹುಡುಗರಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ಆಸೆ ಜಾಸ್ತಿಯಾಗಿದೆ. ತಪ್ಪೇನಿಲ್ಲ, ದುಡಿಯುತ್ತಾರೆ, ಕೊಳ್ಳುತ್ತಾರೆ. ಆದರೆ ಕಾರು ಅಗ್ಗಕ್ಕೆ ಸಿಕ್ಕರೂ ಅದರ ಟೈರು ಅಗ್ಗವಲ್ಲ. ಅಂಥ ಒಂದು ಟೈರಿನ ದುಡ್ಡಿಗೆ ಸಣ್ಣ ಕಾರಿನ ನಾಲ್ಕೂ ಟೈರು ಬಂದುಬಿಡುತ್ತವೆ. ಅದಕ್ಕೇ ಮಾರುವವರು ಮಾರುವ ಮುಂಚೆ ಎಲ್ಲೋ ಸಿಕ್ಕಿದ ಹಳೇ ಟೈರು ಹಾಕಿ, ಮೇಲೆ ಕಪ್ಪು ಪಾಲಿಶ್ ಬಳಿದು ಕೊಡುತ್ತಾರೆ.

ಒಂದು ಜೂನ್ ತಿಂಗಳು, ಮಳೆ ಆಗಷ್ಟೇ ಹಿಡಿದಿತ್ತು. ನಮ್ಮವರದೇ ಹುಡುಗನೊಬ್ಬ ತಾಯಿಯನ್ನು ಕೂರಿಸಿಕೊಂಡು ಅಂಥದ್ದೊಂದು ಎರಡು ಸೀಟಿನ ಕಾರು ತಂದ. "ಆಂಟಿ, ಹಿಂದಿನ ಬಲಗಡೆಯದು ಗಾಳಿ ನಿಲ್ತಿಲ್ಲ. ಅದೊಂದು ಹಾಕಿಬಿಡಿ, ಯಾವ ಕಂಪನಿಯದಾದರೂ ಪರವಾಗಿಲ್ಲ. ನಾಳೆ ಬೆಳಿಗ್ಗೆ ಉಡುಪಿಗೆ ಹೊರಡಬೇಕು" ಎಂದ. ಪುಣೆ, ಕೊಲ್ಹಾಪುರ, ಬೆಳಗಾವಿ, ಆಮೇಲೆ ಘಾಟಿ ಇಳಿಯುವುದು ಅಂತ ಲೆಕ್ಕ.

ಹೊರಗಿನಿಂದ ಆ ಟೈರು ಚೆನ್ನಾಗೇ ಕಾಣುತ್ತಿತ್ತು. ಗಾಡಿ ಮೇಲೆತ್ತಿ ನೋಡಿದರೆ ಒಳಗಿನ ಅಂಚು ಪೂರ್ತಿ ಟಕ್ಲಾ, ತಂತಿ ಹೊರಗೆ ಬಂದಿತ್ತು. ಸ್ಪೋರ್ಟ್ಸ್ ಕಾರಿನಲ್ಲಿ ಇದು ಮಾಮೂಲು. ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲಲೆಂದು ಅದರ ಚಕ್ರದ ತಲೆಯನ್ನು ಸ್ವಲ್ಪ ಒಳಕ್ಕೆ ವಾಲಿಸಿರುತ್ತಾರೆ, ಅದಕ್ಕೇ ಒಳಗಿನ ಅಂಚು ಮೊದಲು ಸವೆಯುತ್ತದೆ. ನಿಂತು ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಹಿಂದಿನ ಎಡಗಡೆಯದು ಬೇರೆ ಕಂಪನಿ, ಬೇರೆ ಅಳತೆ. ಬಲದ್ದು 255 ಅಗಲ, ಎಡದ್ದು 245. ಮುಂದಿನ ಎರಡು ಒಂದೇ ಜೋಡಿ, ಪಟ್ಟಿಯೂ ಆಳವಾಗಿತ್ತು. ಆದರೆ ವಯಸ್ಸು ಎಂಟು ವರ್ಷ, ಉಗುರು ಒತ್ತಿದರೆ ಕಲ್ಲು.

ಆಗ ಆ ತಾಯಿ ಕೆಳಗಿಳಿದು ಬಂದರು. "ಅಕ್ಕಾ, ಒಂದು ಹಾಕಿದರೆ ಸಾಕಾ? ಸರಿಯಾಗಿ ಹೇಳಿ" ಎಂದರು.

ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಾರು ಎಷ್ಟೇ ದೊಡ್ಡದಿರಲಿ, ರಸ್ತೆಗೆ ತಾಗುವುದು ನಾಲ್ಕು ಅಂಗೈಯಷ್ಟು ರಬ್ಬರು. ಬ್ರೇಕು ಹಿಡಿಯುವುದು, ತಿರುಗುವುದು ಎಲ್ಲ ಅದರಿಂದಲೇ. ಪಟ್ಟಿಯ ನಡುವಿನ ಕಾಲುವೆಗಳು ನೀರನ್ನು ಆಚೆ ದಬ್ಬಲಿಕ್ಕೆ ಇರುವುದು. ಕಾಲುವೆ ಸವೆದರೆ ಟೈರು ನೀರಿನ ಮೇಲೆ ತೇಲುತ್ತದೆ, ಆಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಟೈರು ಅಗಲವಾದಷ್ಟೂ ಈ ಅಪಾಯ ಹೆಚ್ಚು, ಸ್ಪೋರ್ಟ್ಸ್ ಕಾರಿನದು ಅಗಲವೇ. ಇನ್ನು ಒಂದೇ ಆಕ್ಸಲ್‌ನಲ್ಲಿ ಎರಡು ಜಾತಿಯ ಟೈರು ಇದ್ದರೆ, ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಒಂದು ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ. ಒಂದು ಕಾಲಿಗೆ ಬಾಟಾ ಚಪ್ಪಲಿ, ಇನ್ನೊಂದಕ್ಕೆ ಹೀಲ್ಸ್ ಹಾಕಿಕೊಂಡು ಸ್ಟೇಷನ್ನಿನ ಮೆಟ್ಟಿಲು ಇಳಿದ ಹಾಗೆ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೇ ಹೋಗುವ ಗಾಡಿಯಾದರೆ ಬಾಲ ಬೀಸಿಬಿಡುತ್ತದೆ. ಅದನ್ನು ಸರಿಪಡಿಸಲು ರೇಸ್ ಓಡಿಸುವವರಿಗೆ ಬರುತ್ತದೆ, ನಮ್ಮ ಮಕ್ಕಳಿಗಲ್ಲ. ಆದ್ದರಿಂದ ಟೈರು ಹಾಕಿಸುವುದು ಜೋಡಿಯಾಗಿಯೇ. ನಾಲ್ಕೂ ಒಂದೇ ಅಳತೆಯ ಮಾಮೂಲಿ ಕಾರಿನಲ್ಲಿ ಎರಡೇ ಹೊಸದು ಕೊಂಡರೆ, ಅವು ಹಿಂದಕ್ಕೆ ಹೋಗಬೇಕು, ಮುಂದಕ್ಕಲ್ಲ. ನೂರಕ್ಕೆ ತೊಂಬತ್ತು ಜನ ಇದಕ್ಕೆ ನನ್ನ ಜೊತೆ ಜಗಳ ಆಡುತ್ತಾರೆ.

ಆ ಅಳತೆಯ ಜೋಡಿ ನಮ್ಮಲ್ಲಿ ಇರಲಿಲ್ಲ, ತರಿಸಲು ನಾಲ್ಕು ದಿನ ಬೇಕಿತ್ತು. ಹುಡುಗ ಸಿಟ್ಟಾದ, "ಬೇರೆ ಅಂಗಡಿಯಲ್ಲಿ ಹಾಕಿಸ್ತೀನಿ" ಎಂದ. ತಾಯಿ ಗಲಾಟೆ ಮಾಡಲಿಲ್ಲ. ಒಂದೇ ಮಾತು: "ನೀನು ಹೋಗು ಮಗಾ, ನಾನು ಕೂರುವುದಿಲ್ಲ." ಮರುದಿನ ಇಬ್ಬರೂ ಮತ್ಸ್ಯಗಂಧದಲ್ಲಿ ಊರಿಗೆ ಹೋದರು, ಟಿಕೆಟ್ ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು. ವಾಪಸು ಬಂದ ಮೇಲೆ ಹಿಂದಿನ ಜೋಡಿ ಹಾಕಿಸಿದ. ಮುಂದಿನದು ಮುಂದಿನ ತಿಂಗಳ ಸಂಬಳದಲ್ಲಿ. ಅಲ್ಲಿಯವರೆಗೆ ಕಾರು ಬಿಲ್ಡಿಂಗಿನ ಕೆಳಗೇ ಇತ್ತು.

ಅಂಗಡಿಯವಳು, ಮಾರಲಿಕ್ಕೆ ಹೇಳುತ್ತಾಳೆ ಅಂತ ನಿಮಗೆ ಅನಿಸಬಹುದು. ನನ್ನನ್ನು ನಂಬಬೇಡಿ, ನೀವೇ ನೋಡಿ. ಪಟ್ಟಿಯ ಕಾಲುವೆಯೊಳಗೆ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಮೇಲಿನ ರಬ್ಬರು ಸವೆದು ದಿಣ್ಣೆಗೆ ಸಮವಾದರೆ ಟೈರು ಮುಗಿಯಿತು. ನಮ್ಮ ದೇಶದಲ್ಲಿ ಕಾರಿಗೆ ಕಾನೂನಿನ ಮಿತಿಯೂ ಅದೇ. ಮುಂಬಯಿ ಮಳೆಗೆ 3 ಮಿಲಿಮೀಟರಿಗೇ ಬದಲಿಸಿ ಎನ್ನುವವಳು ನಾನು. ಬದಿಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ಹುಟ್ಟಿದ್ದು. ಐದು ವರ್ಷ ದಾಟಿದರೆ ಪ್ರತಿ ವರ್ಷ ತೋರಿಸಿ. ಹತ್ತಾದರೆ ಎಷ್ಟೇ ಹೊಸದಾಗಿ ಕಂಡರೂ ತೆಗೆಸಿ. ಭಾನುವಾರ ಮಾತ್ರ ಹೊರಗೆ ಬರುವ ಸ್ಪೋರ್ಟ್ಸ್ ಕಾರಿಗೆ ಇದೇ ಮುಖ್ಯ, ಅದರ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಅಳತೆಯ ಪಕ್ಕದ ಅಕ್ಷರವನ್ನೂ ನೋಡಿ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗೆ, ಡಬ್ಲ್ಯೂ ಎಂದರೆ 270. ಅಷ್ಟು ವೇಗದಲ್ಲಿ ಯಾರೂ ಹೋಗಬೇಡಿ, ಆದರೆ ಕಂಪನಿ ಡಬ್ಲ್ಯೂ ಕೇಳಿದ್ದರೆ ಎಚ್ ಹಾಕಿಸಬಾರದು.

ಸಮೃದ್ಧಿ ಮಹಾಮಾರ್ಗ 2022ರ ಡಿಸೆಂಬರ್‌ನಲ್ಲಿ ನಾಗಪುರದಿಂದ ಶಿರಡಿಯವರೆಗೆ ತೆರೆದ ಮೇಲೆ ಟೈರು ಒಡೆದು ಅಪಘಾತಗಳಾದವು. ಆಮೇಲೆ ಆರ್‌ಟಿಒದವರು ಅಲ್ಲಿ ಟೈರು ನೋಡಿ, ಸವೆದಿದ್ದರೆ ಗಾಡಿಗಳನ್ನು ತಡೆಯತೊಡಗಿದರು. ಶಿರಡಿಗೆ ಹೋಗುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದೀರಿ! ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ನೋಡಿಸಿ. ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಪಕ್ಕದ ಚೀಟಿಯಲ್ಲಿ ಬರೆದಿರುತ್ತದೆ, ಪೆಟ್ರೋಲ್ ಪಂಪಿನ ಹುಡುಗನನ್ನು ಕೇಳಬೇಡಿ.

ಚಹಾ ಬಂದಿದೆ ಅಂತ ಕಾಣುತ್ತದೆ. ಕುಡಿದ ಮೇಲೆ ಕೆಳಗೆ ಪಾರ್ಕಿಂಗಿಗೆ ಬನ್ನಿ, ನಿಮ್ಮ ನಿಮ್ಮ ಗಾಡಿಯ ನಾಲ್ಕು ಅಂಕಿ ಓದೋಣ. ಟಾರ್ಚ್ ತಂದಿದ್ದೇನೆ.