ಹೊಂಬಾಳೆಯ ಗಡಿಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಕೊಬ್ಬರಿ ನೆನಪಾಗುತ್ತದೆ. ಆದರೆ ತೆಂಗಿನಲ್ಲಿ ಕಾಯಿಯಷ್ಟೇ ಅಲ್ಲ, ಪಾನೀಯವೂ ಇದೆ. ಬೆಂಗಳೂರಿನ ಪಬ್ಬುಗಳಲ್ಲಿ ಬಿಯರ್ ಸವಿಯುವವರಿಗೆ ಮಾಲ್ಟು, ಹಾಪ್ಸುಗಳ ಮಹಿಮೆ ಗೊತ್ತು. ತೆಂಗಿಗೆ ಅವು ಯಾವುವೂ ಬೇಡ. ಅರಳದ ಹೊಂಬಾಳೆಯನ್ನು ಬಿಗಿದು, ಮೆಲ್ಲಗೆ ಬಡಿದು, ತುದಿ ಕೊಯ್ದು ಗಡಿಗೆ ಕಟ್ಟಿದರೆ ಸಿಹಿರಸ ತೊಟ್ಟಿಕ್ಕುತ್ತದೆ. ಅದೇ ನೀರಾ. ಗಡಿಗೆಯೊಳಗೆ ಸುಣ್ಣ ಬಳಿಯದಿದ್ದರೆ ಕೆಲವೇ ಗಂಟೆಗಳಲ್ಲಿ ತಾನಾಗಿ ಹುಳಿತು ಹೆಂಡವಾಗುತ್ತದೆ.

ಕಾನೂನಿನ ತೊಡಕು ಇರುವುದು ಈ ಕೆಲವು ಗಂಟೆಗಳಲ್ಲೇ. ನುಸಿಪೀಡೆಯಿಂದ ಫಸಲು ಕೈಕೊಟ್ಟಾಗ ತೆಂಗು ಬೆಳೆಗಾರರು ನೀರಾ ಇಳಿಸುವ ಹಕ್ಕು ಕೇಳಿದರು. ಆ ಹೋರಾಟದಲ್ಲಿ, 2001ರಲ್ಲಿ, ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ರೈತರು ಪ್ರಾಣ ತೆತ್ತರು. ಗುಟುಕಿನ ರುಚಿಯನ್ನು ಹೊಗಳುವವರು ಅವರ ಪ್ರಶ್ನೆಯನ್ನೂ ನೆನೆಯಬೇಕು: ಮರ ರೈತನದಾದರೆ, ರಸ ಯಾರದು?