ಬರುವವರ ಊರು, ಇರುವವರ ಊರು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ವೇದಿಕೆಯನ್ನೇರಿದರೆಂದ ಮೇಲೆ ಹಳಗನ್ನಡದ ಒಂದೆರಡು ಪದ್ಯಗಳಾದರೂ ಕಿವಿಗೆ ಬಿದ್ದಾವೆಂದು ನಿರೀಕ್ಷಿಸಿ ಬಂದವರಿದ್ದರೆ ಅವರು ನಮ್ಮನ್ನು ಕ್ಷಮಿಸಬೇಕು. ಇಂದು ನಾವು ಪ್ರವಾಸೋದ್ಯಮದ ಮಾತನಾಡಲು ನಿಂತಿದ್ದೇವೆ. ಅದು ಹೊಟೇಲಿನವರ ವಿಷಯ, ಪಂಡಿತರಿಗೇಕೆ ಎನ್ನಬಹುದು. ಆದರೆ ಪರಸ್ಥಳದವರು ನಮ್ಮೂರನ್ನು ನೋಡಬಂದಾಗ ಅವರಿಗೆ ಏನನ್ನು ತೋರಿಸಬೇಕು, ಯಾವ ಕಥೆಯನ್ನು ಹೇಳಬೇಕು, ಅವರ ಬರವಿನಿಂದ ನಮ್ಮ ಬಾವಿಗೂ ಬೀದಿಗೂ ಏನಾಗಬಾರದು ಎಂಬುದನ್ನು ಊರವರಲ್ಲದೆ ಮತ್ತಾರು ನಿಶ್ಚಯಿಸಬೇಕು?

ಮೊದಲು ದೂರದ ಒಂದು ನಗರದ ಕಥೆ. ಇಟಲಿಯ ವೆನಿಸ್ ಎಂಬ ಜಲನಗರಿಯ ಹೆಸರನ್ನು ನೀವೆಲ್ಲರೂ ಕೇಳಿದ್ದೀರಿ. ಅಲ್ಲಿಯ ಒಂದು ಔಷಧಿಯಂಗಡಿಯ ಕಿಟಕಿಯಲ್ಲಿ 2008ರಲ್ಲಿ ಒಂದು ಅಂಕಿಫಲಕವನ್ನಿಟ್ಟರು. ಅದು ತೋರಿಸುವುದು ಗಂಟೆಯನ್ನಲ್ಲ. ಹಳೆಯ ನಗರದಲ್ಲಿ ಇನ್ನೂ ವಾಸವಾಗಿರುವ ಜನರ ಸಂಖ್ಯೆಯನ್ನು! 1950ರ ಸುಮಾರಿಗೆ ಒಂದೂವರೆ ಲಕ್ಷಕ್ಕೂ ಮಿಕ್ಕಿದ್ದ ಆ ಸಂಖ್ಯೆ 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. ವಾಸದ ಮನೆಗಳು ಪ್ರವಾಸಿಗರ ಬಿಡಾರಗಳಾದವು, ಬಾಡಿಗೆ ಏರಿತು, ದಿನಸಿಯಂಗಡಿಗಳಿದ್ದೆಡೆ ಆಟಿಕೆ, ಮುಖವಾಡಗಳ ಅಂಗಡಿಗಳು ಬಂದವು. 2024ರ ಏಪ್ರಿಲ್ 25ರಿಂದ, ಗೊತ್ತುಪಡಿಸಿದ ಕೆಲವು ದಿನಗಳಲ್ಲಿ, ಹಗಲು ಬಂದು ಹೋಗುವವರಿಂದ 5 ಯೂರೋ ಪ್ರವೇಶಶುಲ್ಕವನ್ನು ತೆಗೆದುಕೊಳ್ಳತೊಡಗಿದರು. ವಿಚಿತ್ರವೆಂದರೆ, ಆ ದಿನ ಬೀದಿಗಿಳಿದು ಪ್ರತಿಭಟಿಸಿದವರು ಊರವರೇ. ನಮ್ಮೂರಿಗೆ ಟಿಕೇಟು ಹಚ್ಚಿ ಅದನ್ನು ವಸ್ತುಸಂಗ್ರಹಾಲಯವನ್ನಾಗಿಸಬೇಡಿರಿ, ಮೊದಲು ಇರಲು ಮನೆ ಕೊಡಿರಿ ಎಂಬುದು ಅವರ ಅಳಲಾಗಿತ್ತು.

ಇನ್ನು ಹತ್ತಿರಕ್ಕೆ ಬರೋಣ. ಬೇಕಲದ ಕೋಟೆಯನ್ನು 1650ರ ಸುಮಾರಿಗೆ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಕೋಟೆಯ ಮೇಲೆ ನಿಂತವರಿಗೆ ನೆನಪಾಗುವುದು ಮಾತ್ರ 1995ರ ‘ಬೊಂಬಾಯಿ’ ಚಲಚ್ಚಿತ್ರದ ಹಾಡಿನ ದೃಶ್ಯ. ಅದನ್ನು ಅಲ್ಲಿ ಚಿತ್ರೀಕರಿಸಿದ್ದರು. ಅದೂ ಇರಲಿ, ನಾವು ಹಾಡಿನ ವೈರಿಗಳಲ್ಲ. ಭಾರತ ಸರಕಾರವು 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಸಾರಿತು. 1995ರಲ್ಲಿ ಅದಕ್ಕಾಗಿಯೇ ಒಂದು ನಿಗಮ ಹುಟ್ಟಿತು. ಕಡಲತಡಿಯ ಭೂಮಿಯನ್ನು ಪಡೆದು ಹೊಟೇಲುಗಳಿಗೆ ಗುತ್ತಿಗೆಗೆ ಕೊಡುವ ಏರ್ಪಾಡಾಯಿತು. ಬೇಕಲದ ಸುತ್ತ ಇರುವವರು ಬಹುಮಟ್ಟಿಗೆ ಮಲೆಯಾಳ ಮಾತಿನ ನೆರೆಹೊರೆಯವರು. ಅವರ ಬಾವಿಯ ಚಿಂತೆಯೂ ನಮ್ಮ ಬಾವಿಯ ಚಿಂತೆಯೂ ಒಂದೇ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಊರವರನ್ನು ಕೂಡಿಸಿಕೊಂಡು ನಡೆಯಲು ಸಾಧ್ಯವೆ? ಕೇರಳದಲ್ಲಿಯೇ ಅದಕ್ಕೆ ನಿದರ್ಶನವಿದೆ. ಕೋಟ್ಟಯಂ ಜಿಲ್ಲೆಯ ಕುಮರಕದಲ್ಲಿ ಹೊಟೇಲುಗಳಿಗೂ ಊರವರಿಗೂ ಮೊದಲು ಮನಸ್ತಾಪವಿತ್ತು. 2008ರಲ್ಲಿ ಅಲ್ಲಿಯ ಪಂಚಾಯಿತಿಯೂ ಕುಟುಂಬಶ್ರೀಯ ಹೆಂಗಸರೂ ಮುಂದೆ ಬಂದರು. ಪಾಳುಬಿದ್ದ ಗದ್ದೆಗಳಲ್ಲಿ ಮತ್ತೆ ಬೆಳೆ ಎದ್ದಿತು. ತರಕಾರಿಯನ್ನು ಹೊಟೇಲಿನವರು ಊರಿನಿಂದಲೇ ಕೊಳ್ಳತೊಡಗಿದರು. ಬೆಲೆಯನ್ನು ಒಂದು ಸಮಿತಿ ಕೂತು ನಿಶ್ಚಯಿಸುತ್ತಿತ್ತು. ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಆದರೂ ಬದನೆ ಬೆಂಡೆಗಳ ಬೆಲೆಯನ್ನು ಮಾತನಾಡಲು ಒಂದೇ ಮೇಜಿನ ಎರಡು ಕಡೆ ಕುಳಿತವರು ಬೇಲಿಯ ವಿಷಯವನ್ನೂ ಮಾತನಾಡಬಲ್ಲರು. 2017ರಲ್ಲಿ ರಾಜ್ಯವು ಇದಕ್ಕೆಂದೇ ಉತ್ತರದಾಯಿತ್ವ ಪ್ರವಾಸೋದ್ಯಮ ಮಿಷನ್ ಎಂಬುದನ್ನು ಸ್ಥಾಪಿಸಿತು.

ನಮ್ಮ ಕಡೆಯ ಅನುಭವ ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಸಮೀಪದ ಒಂದು ಸ್ಥಳವನ್ನು ಪ್ರವಾಸಿಗರಿಗಾಗಿ ಸಜ್ಜುಗೊಳಿಸುವ ಸಲುವಾಗಿ ಸಭೆ ಕರೆದರು. ಕರೆದ ಕಚೇರಿಯ ಹೆಸರು ಬೇಡ. ತಿಳಿವಳಿಕೆ ಪತ್ರವು ನಮ್ಮ ತಾಯಂದಿರಿಗೆ ಓದಲು ಬಾರದ ಲಿಪಿಯಲ್ಲಿತ್ತು. ನಾವು ಸುದ್ದಿ ತಿಳಿದು ಹೋದೆವು. ನಕ್ಷೆ ಆಗಲೇ ಗೋಡೆಯಲ್ಲಿ ತೂಗುತ್ತಿತ್ತು. ವಾಹನ ನಿಲ್ಲಿಸುವ ತಾಣವೆಂದು ಹಳದಿ ಬಣ್ಣ ಬಳಿದಿದ್ದ ಜಾಗದಲ್ಲಿ, ಏಳೆಂಟು ಮನೆಯವರು ಬೇಸಗೆಯಲ್ಲಿ ನೀರು ಸೇದುವ ಬಾವಿಯಿದೆ! ನಕ್ಷೆ ಬರೆದವರು ಕೆಟ್ಟವರಲ್ಲ. ಬಾವಿಯ ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಹೇಳಬೇಕಾದವರು ಮನೆಯಲ್ಲಿ ನೀರು ಸೇದುತ್ತಿದ್ದರು. ಆ ಯೋಜನೆ ಮುಂದುವರಿಯಲಿಲ್ಲ. ನಮ್ಮ ಮಾತಿನಿಂದಲ್ಲ, ಹಣ ಸಾಲದುದರಿಂದ.

ತಪ್ಪು ಕಚೇರಿಯದು ಮಾತ್ರವೆ? ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮಸಭೆಯು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಯಕ್ಷಗಾನಕ್ಕೆ ಬೆಳಗಿನ ಜಾವದವರೆಗೆ ಕುಳಿತಿರಬಲ್ಲ ನಾವು ಅಲ್ಲಿ ಒಂದು ಗಂಟೆ ಕುಳಿತದ್ದುಂಟೆ? ಮಾತು ಬಾರದೆಂಬ ಸಂಕೋಚ ಬೇಡ. ದೇಶದ ಅಥವಾ ರಾಜ್ಯದ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಅಧಿಕಾರಿಗಳಿಗೆ ಅಹವಾಲನ್ನು ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕನ್ನಡದಲ್ಲಿಯೇ ಬರೆಯಿರಿ, ಕಾಗುಣಿತವನ್ನು ಬೇಕಾದರೆ ನಾವು ತಿದ್ದಿಕೊಡುತ್ತೇವೆ, ನಮಗೆ ಗೊತ್ತಿರುವ ಉದ್ಯೋಗ ಅದೊಂದೇ!

ಕುಂಬಳೆಯ ಬಳಿಯ ಅನಂತಪುರದ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ದೂರದೂರದ ಪತ್ರಿಕೆಗಳೂ ಬರೆದವು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯಿದೆ. ಪಾರ್ತಿಸುಬ್ಬನ ಊರಿದು. ಬರುವವರು ಬಂದೇ ಬರುತ್ತಾರೆ. ಅವರು ಬರುವ ಮುನ್ನವೇ ನಾವು ಒಂದು ಕೆಲಸವನ್ನು ಆರಂಭಿಸಿದ್ದೇವೆ. ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಊರಿನ ಬಾವಿ, ಕೆರೆ, ಕಾಲುದಾರಿ, ಬನ, ಕಟ್ಟೆಗಳ ಹೆಸರುಗಳನ್ನು ಅಜ್ಜ ಅಜ್ಜಿಯರಲ್ಲಿ ಕೇಳಿ ಬರೆದುಕೊಂಡು ಬಂದಿದ್ದಾರೆ. ಯಾವ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆಂಬುದೂ ಅದರಲ್ಲಿದೆ. ಪ್ರವಾಸಿಗರಿಗೆ ತೋರಿಸಬಹುದಾದವು, ತೋರಿಸಬಾರದವು ಎಂದು ಎರಡು ಭಾಗ ಮಾಡಿರೆಂದಾಗ ಒಬ್ಬ ಹುಡುಗಿ ತಮ್ಮ ಮನೆಯ ನಾಗಬನವನ್ನು ಎರಡನೆಯ ಭಾಗದಲ್ಲಿ ಬರೆದು, ಎದುರಿಗೆ ‘ಅಜ್ಜಿ ಬೇಡವೆಂದರು’ ಎಂದು ಕಾರಣ ಕೊಟ್ಟಳು. ಆ ಪುಸ್ತಕವನ್ನು ಸಂಘದ ವಾಚನಾಲಯದಲ್ಲಿ ಇರಿಸಿದ್ದೇವೆ. ಕೊನೆಯ ಪುಟಗಳು ಖಾಲಿಯಿವೆ. ಪೆನ್ಸಿಲನ್ನೂ ದಾರದಲ್ಲಿ ಕಟ್ಟಿಟ್ಟಿದ್ದೇವೆ. ಹೋಗುವಾಗ ನೋಡಿ, ಬಿಟ್ಟುಹೋದ ಹೆಸರುಗಳನ್ನು ಬರೆದು ಹೋಗಬೇಕೆಂದು ವಿನಂತಿ.